ಹತ್ತೊಂಬತ್ತನೇ ತುಂಡು

ಟಕ್.

ಬೆರಳಿನ ಗೆಣ್ಣು ಮುರಿದಷ್ಟೇ ಸದ್ದು. ಕುರ್ಚಿಯಲ್ಲಿ ತೂಕಡಿಸುತ್ತಿದ್ದ ನನ್ನನ್ನು ಎಬ್ಬಿಸಲು ಅಷ್ಟು ಸಾಕಾಯಿತು.

ಗಡಿಯಾರ ನೋಡಿದೆ. ಎರಡೂ ಇಪ್ಪತ್ತು. ಅಂಗಡಿಯ ಷಟರ್ ಅರ್ಧ ಎಳೆದಿತ್ತು. ರಬ್ಬರ್ ಹಾಸಿನ ಮೇಲೆ ಮಲಗಿದ್ದ ಹಾರ್ಡ್ ಡಿಸ್ಕ್ ಇನ್ನೊಮ್ಮೆ ಟಕ್ ಅಂದು ಸುಮ್ಮನಾಯಿತು.

ಸುಮ್ಮನಾದರೇ ನನಗೆ ಭಯ. ಅಂಗೈ ಇಟ್ಟು ನೋಡಿದೆ. ಒಳಗೆ ಇನ್ನೂ ತಿರುಗುತ್ತಿತ್ತು. ಪರದೆಯ ಮೇಲೆ ಶೇಕಡಾ ತೊಂಬತ್ತೆಂಟು ಅಂತ ಇತ್ತು.

ಸಂಜೆ ಆರರಿಂದ ಕಾಪಿ ನಡೆದಿತ್ತು. ಬಂದ ಡಿಸ್ಕಿನ ಮೇಲೆ ನಾವು ನೇರವಾಗಿ ಕೈ ಹಾಕುವುದಿಲ್ಲ. ಮೊದಲು ಅದರದೇ ಪಡಿಯಚ್ಚು ತೆಗೆದು, ಪರೀಕ್ಷೆಯನ್ನೆಲ್ಲ ಅದರ ಮೇಲೆ ಮಾಡುತ್ತೇವೆ. ಈ ಕೆಲಸ ಕಲಿಸಿದ ಭಾವ, ಅಂದರೆ ಅಕ್ಕನ ಗಂಡ, ಮೊದಲ ದಿನ ಹೇಳಿಕೊಟ್ಟ ಪಾಠ ಅದು. ಅವಸರದ ಗಿರಾಕಿ ಎದುರು ಕಾದು ಕೂತರೆ ಮಾತ್ರ ಪಾಠ ಮರೆಯುತ್ತೇವೆ. ಅದನ್ನು ಹೊರಗೆ ಯಾರಿಗೂ ಹೇಳುವುದಿಲ್ಲ.

ಇದು ಲಿಫ್ಟ್ ಕಂಪನಿಯ ಕಚೇರಿಯ ಡಿಸ್ಕ್. ಎರಡು ವಾರದ ಹಿಂದೆ, ಮಂಗಳವಾರ ಸಂಜೆ, ಆ ಕಂಪನಿ ನೋಡಿಕೊಳ್ಳುತ್ತಿದ್ದ ಲಿಫ್ಟೊಂದು ಐದನೇ ಮಹಡಿಯಿಂದ ಬಿದ್ದು, ಒಳಗಿದ್ದ ದರ್ಜಿ ಸತ್ತುಹೋದ. ಅದೇ ರಾತ್ರಿ ಕಂಪನಿಯ ಮೆಕ್ಯಾನಿಕ್‌ನನ್ನು ಹಿಡಿದು ಒಳಗೆ ಹಾಕಿದರು. ಹಗ್ಗ ಸವೆದಿದೆ, ಲಿಫ್ಟ್ ನಿಲ್ಲಿಸಿ ಅಂತ ಐದು ದಿನ ಮುಂಚೆಯೇ ಆಫೀಸಿನ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದೆ ಅನ್ನುತ್ತಾನೆ ಅವನು. ಅಂಥ ವರದಿಯೇ ಇಲ್ಲ ಅನ್ನುತ್ತಾನೆ ಮ್ಯಾನೇಜರ್.

ನಿನ್ನೆ ಮಧ್ಯಾಹ್ನ ಇನ್ಸ್‌ಪೆಕ್ಟರ್ ಇದನ್ನು ಅರಗಿನ ಮುದ್ರೆ ಹಾಕಿದ ಲಕೋಟೆಯಲ್ಲಿ ತಂದುಕೊಟ್ಟಿದ್ದ. "ಕೋರ್ಟು ಕೇಳಿದೆ. ಇದ್ರೆ ಇದೆ, ಇಲ್ಲದಿದ್ರೆ ಇಲ್ಲ ಅಂತ ಬರೆದುಕೊಡಿ. ಬೆಳಗ್ಗೆ ಒಂಬತ್ತಕ್ಕೆ ಬರ್ತೀನಿ. ಹನ್ನೊಂದಕ್ಕೆ ಜಾಮೀನು ವಿಚಾರಣೆ."

ವರದಿ ಸಿಕ್ಕರೆ ಮೆಕ್ಯಾನಿಕ್ ಮನೆಗೆ, ಸಿಗದಿದ್ದರೆ ಮತ್ತೆ ಜೈಲಿಗೆ.

ಎರಡೂ ಮುಕ್ಕಾಲಿಗೆ ಕಾಪಿ ಮುಗಿಯಿತು. ಮೂಲ ಡಿಸ್ಕನ್ನು ಕಳಚಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗ ಎಳೆದು ನೋಡಿದೆ. ನಾಲ್ಕು ಹೆಜ್ಜೆ ಬಂದು, ವಾಪಸ್ ಹೋಗಿ ಮತ್ತೆ ಎಳೆದು ನೋಡಿದೆ.

ಆಮೇಲೆ ಕಾಪಿಯ ಮೇಲೆ ತಪಾಸಣೆ ಶುರುಮಾಡಿದೆ.

ಯಾವ ಫೈಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವ ಲೆಕ್ಕವನ್ನು ಡಿಸ್ಕ್ ತನ್ನೊಳಗೇ ಬರೆದಿಟ್ಟುಕೊಂಡಿರುತ್ತದೆ. ಬರೆಯುವ ಹೊತ್ತಿಗೆ ಕರೆಂಟ್ ಹೋದರೆ, ಯಾರಾದರೂ ವೈರು ಕಿತ್ತರೆ, ಲೆಕ್ಕ ತಪ್ಪುತ್ತದೆ. ಫೈಲಿನ ಒಡಲು ಒಂದು ಕಡೆ ಉಳಿದು ಹೆಸರು ಅಳಿಸಿಹೋಗುತ್ತದೆ. ತಪಾಸಣೆ ಆ ತಪ್ಪುಗಳನ್ನು ಎಣಿಸಿ ತೋರಿಸುತ್ತದೆ. ನಾನು ಎಣಿಸು ಅಂತ ಮಾತ್ರ ಹೇಳಿದ್ದೆ, ಸರಿಮಾಡು ಅಂತ ಹೇಳಿರಲಿಲ್ಲ.

ಮೊದಲ ಹಂತ ಮುಗಿಯಿತು. ತಪ್ಪಿಲ್ಲ. ಎರಡನೇ ಹಂತದಲ್ಲೂ ಇಲ್ಲ. ಮೂರನೆಯದರಲ್ಲೂ ಇಲ್ಲ.

ಕಣ್ಣು ಉಜ್ಜಿಕೊಂಡೆ.

ಎಂಟು ವರ್ಷ ಕಚೇರಿಯಲ್ಲಿ ದುಡಿದ ಡಿಸ್ಕ್. ದಿನಕ್ಕೆ ಹತ್ತು ಜನ ಬಳಸಿ, ಯಾರೂ ಸರಿಯಾಗಿ ಆಫ್ ಮಾಡದೆ ಎದ್ದುಹೋದ ಡಿಸ್ಕ್. ಎಂಟು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಒಂದು ಪಾತ್ರೆಯೂ ಸೊಟ್ಟಗಾಗಿಲ್ಲ ಅಂದರೆ, ಆ ಮನೆಗೆ ಯಾರೋ ಈಚೆಗೆ ಹೊಸ ಪಾತ್ರೆ ತಂದಿಟ್ಟಿದ್ದಾರೆ ಅಂತಲೇ ಅರ್ಥ.

ಇದು ಈಗಾಗಲೇ ರಿಪೇರಿಯಾಗಿದೆ.

ರಿಪೇರಿ ಮಾಡಿದರೆ ಅದರ ಟಿಪ್ಪಣಿ ಡಿಸ್ಕಿನ ಒಂದು ಮುಚ್ಚಿದ ಫೋಲ್ಡರಿನಲ್ಲಿ ಉಳಿಯುತ್ತದೆ. ಅದು ಇದೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ತೆಗೆದೆ. ಬುಧವಾರ, ಮಧ್ಯಾಹ್ನ ಮೂರೂ ನಲವತ್ತು. ಲಿಫ್ಟ್ ಬಿದ್ದ ಮಾರನೇ ದಿನ.

ಲಕೋಟೆಯ ಜೊತೆ ಬಂದಿದ್ದ ಜಪ್ತಿ ಪಟ್ಟಿ ನೋಡಿದೆ. ಪೊಲೀಸರು ಡಿಸ್ಕನ್ನು ವಶಕ್ಕೆ ತೆಗೆದುಕೊಂಡದ್ದು ಶುಕ್ರವಾರ ಬೆಳಗ್ಗೆ.

ಹಾಗಾದರೆ ನಡುವಿನ ಬುಧವಾರ ಇದು ಯಾರ ಕೈಯಲ್ಲಿತ್ತು?

ಮ್ಯಾನೇಜರ್ ಅಂದುಕೊಂಡೆ. ಬೇರೆ ಯಾರು? ವರದಿ ಅಳಿಸಿದರೆ ಉಳಿಯುವವನು ಅವನೇ. ಅವಸರದಲ್ಲಿ ಅಳಿಸಲು ಹೋಗಿ, ನಡುವೆ ವೈರು ಕಿತ್ತು, ಡಿಸ್ಕ್ ತೆರೆಯದೆ ಕೂತಿರಬೇಕು. ತೆರೆಯದ ಡಿಸ್ಕ್ ಪೊಲೀಸರಿಗೆ ಸಿಕ್ಕರೆ ಅನುಮಾನ ಬರುತ್ತದೆ. ಹಾಗಾಗಿ ಯಾರ ಹತ್ತಿರವೋ ಒಯ್ದು ಸರಿಮಾಡಿಸಿದ್ದಾನೆ.

ಟಿಪ್ಪಣಿಯ ಕೊನೆಯಲ್ಲಿ ಒಂದು ಸಾಲು: ಹೆಸರು ಕಳೆದುಕೊಂಡ ಮೂವತ್ತೇಳು ತುಂಡುಗಳನ್ನು ಒಂದು ಫೋಲ್ಡರಿನಲ್ಲಿ ಕೂಡಿಟ್ಟಿದೆ.

ಆ ಫೋಲ್ಡರ್ ಹುಡುಕಿದೆ. ಇರಲಿಲ್ಲ.

ಕುರ್ಚಿಯಲ್ಲೇ ತಿರುಗಿ ಭಾವನ ಮೇಜಿನ ಕಡೆ ನೋಡಿದೆ.

ಯಾಕೆಂದರೆ ಊರಿನ ಉಳಿದ ರಿಪೇರಿಯವರು ಆ ಫೋಲ್ಡರನ್ನು ಹಾಗೇ ಬಿಟ್ಟು ಕೊಡುತ್ತಾರೆ. ನಾವು ಬಿಡುವುದಿಲ್ಲ. ಗಿರಾಕಿ ಮನೆಗೆ ಹೋಗಿ, ಹೆಸರಿಲ್ಲದ ಮೂವತ್ತು ಫೈಲು ನೋಡಿ ಹೆದರಿ, ನೀವೇನೋ ಹಾಳುಮಾಡಿದ್ದೀರಿ ಅಂತ ಜಗಳಕ್ಕೆ ಬರುತ್ತಾನೆ. ಅದಕ್ಕೇ ನಮ್ಮ ಅಂಗಡಿಯಲ್ಲಿ ಕೊನೆಗೆ ತುಂಡುಗಳನ್ನು ಗುಡಿಸಿ ಕಸಕ್ಕೆ ಹಾಕಿ, ಡಿಸ್ಕನ್ನು ಬಟ್ಟೆಯಿಂದ ಒರೆಸಿ ಕೊಡುತ್ತೇವೆ. ಆ ಪದ್ಧತಿ ತಂದವಳು ನಾನೇ. ಹಂತಗಳ ಪಟ್ಟಿ ಬರೆದು ಭಾವನ ಮೇಜಿನ ಮೇಲಿನ ಗೋಡೆಗೆ ಅಂಟಿಸಿದವಳೂ ನಾನೇ. ಒಂಬತ್ತನೇ ಹಂತ: ತುಂಡುಗಳ ಫೋಲ್ಡರ್ ಅಳಿಸುವುದು.

ಡಿಸ್ಕಿನ ಕಸದ ಬುಟ್ಟಿ ತೆರೆದೆ.

ಒಂದೊಂದು ಕಂಪ್ಯೂಟರಿಗೂ ಉದ್ದನೆಯ ಒಂದು ಸಂಖ್ಯೆ ಇರುತ್ತದೆ. ಆ ಕಂಪ್ಯೂಟರಿನಲ್ಲಿ ಕೂತು ಏನನ್ನಾದರೂ ಅಳಿಸಿದರೆ, ಅದು ಡಿಸ್ಕಿನ ಕಸದ ಬುಟ್ಟಿಯಲ್ಲಿ ಆ ಸಂಖ್ಯೆಯ ಚೀಲದೊಳಗೆ ಬೀಳುತ್ತದೆ. ಇಲ್ಲಿ ಎರಡು ಚೀಲಗಳಿದ್ದವು. ಒಂದು ಲಿಫ್ಟ್ ಕಚೇರಿಯದು, ಎಂಟು ವರ್ಷದ ಕಸವಿದ್ದದ್ದು. ಇನ್ನೊಂದರಲ್ಲಿ ಒಂದೇ ಒಂದು ಫೋಲ್ಡರ್ ಇತ್ತು. ಅಳಿಸಿದ ಹೊತ್ತು ಬುಧವಾರ, ನಾಲ್ಕೂ ಹತ್ತು.

ಆ ಎರಡನೇ ಚೀಲದ ಸಂಖ್ಯೆಯನ್ನು ಚೀಟಿಯ ಮೇಲೆ ಬರೆದುಕೊಂಡೆ. ಭಾವನ ಮೇಜಿಗೆ ಹೋಗಿ ಅವರ ಕಂಪ್ಯೂಟರ್ ಹಚ್ಚಿದೆ. ಅದು ಎದ್ದೇಳಲು ಮೂರು ನಿಮಿಷ ತೆಗೆದುಕೊಂಡಿತು. ಅಷ್ಟು ಹೊತ್ತೂ ಬೇರೆ ಇರಲಿ, ಬೇರೆ ಇರಲಿ ಅಂದುಕೊಳ್ಳುತ್ತಾ ನಿಂತಿದ್ದೆ.

ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಹೋಲಿಸಿದೆ. ಮೊದಲಿನಿಂದ ಕೊನೆಗೆ ಒಮ್ಮೆ, ಕೊನೆಯಿಂದ ಮೊದಲಿಗೆ ಒಮ್ಮೆ.

ಎರಡೂ ಒಂದೇ.

ಆ ಕಂಪ್ಯೂಟರ್ ಆರಿಸಿದೆ. ಆಮೇಲೆ ನನ್ನ ಮೇಜಿಗೆ ಬಂದು ತುಂಡುಗಳನ್ನು ಒಂದೊಂದಾಗಿ ತೆರೆಯಲು ಶುರುಮಾಡಿದೆ. ದಾರವೇ ಇಲ್ಲದ ಹಾರದ ಮಣಿಗಳ ಹಾಗಿದ್ದವು. ಅರ್ಧ ಚಿತ್ರ, ಬಾಗಿಲಿನ ಅಳತೆ, ಯಾರದೋ ರಜೆಯ ಅರ್ಜಿ, ಓದಲಾಗದ ಗೀಚು. ಕಣ್ಣು ಉರಿಯುತ್ತಿತ್ತು. ಹದಿನೆಂಟನೆಯದರಲ್ಲಿ ಏನೂ ಇರಲಿಲ್ಲ.

ಹತ್ತೊಂಬತ್ತನೆಯದು ಒಂದು ಪುಟದ ಪತ್ರ.

"ಎರಡನೇ ಹಗ್ಗದಲ್ಲಿ ಹದಿನಾಲ್ಕು ತಂತಿ ಕಿತ್ತಿವೆ. ಕೈಯಲ್ಲಿ ಮುಟ್ಟಿ ಎಣಿಸಿದ್ದೇನೆ. ಬದಲಿಸುವ ತನಕ ಲಿಫ್ಟ್ ನಿಲ್ಲಿಸಲೇಬೇಕು. ಫೋನಿನಲ್ಲೂ ಹೇಳಿದ್ದೇನೆ, ಈಗ ಬರೆದೂ ಇಡುತ್ತಿದ್ದೇನೆ." ಕೆಳಗೆ ಮೆಕ್ಯಾನಿಕ್‌ನ ಕೆಲಸದ ಸಂಖ್ಯೆ. ಲಿಫ್ಟ್ ಬೀಳುವ ಐದು ದಿನ ಮುಂಚಿನ ತಾರೀಕು.

ಅವನು ಹೇಳಿದ್ದು ನಿಜ.

ಖುಷಿಯಾಗಬೇಕಿತ್ತು. ಆಗಲಿಲ್ಲ. ತುಂಡಿಗೆ ಹೆಸರಿಲ್ಲ, ಹುಟ್ಟಿದ ದಿನವಿಲ್ಲ. ಪತ್ರದೊಳಗಿನ ತಾರೀಕನ್ನು ಯಾರು ಬೇಕಾದರೂ ಹಿಂದಿನದು ಹಾಕಿ ಟೈಪ್ ಮಾಡಬಹುದು, ಮ್ಯಾನೇಜರಿನ ವಕೀಲ ಕೇಳುವ ಮೊದಲ ಪ್ರಶ್ನೆಯೇ ಅದು. ಅದಕ್ಕೆ ಇರುವ ಉತ್ತರ ಒಂದೇ. ಬುಧವಾರ ನಾಲ್ಕೂ ಹತ್ತಕ್ಕೆ ಈ ತುಂಡು ಕಸದ ಬುಟ್ಟಿಗೆ ಬಿತ್ತು, ಆಗ ಮೆಕ್ಯಾನಿಕ್ ಲಾಕಪ್ಪಿನಲ್ಲಿದ್ದ, ಹಾಗಾಗಿ ಅವನು ಅದಕ್ಕೂ ಮೊದಲೇ ಬರೆದಿದ್ದ.

ಎಲ್ಲಿ ಬಿತ್ತು? ನಮ್ಮ ಅಂಗಡಿಯಲ್ಲಿ. ಯಾರು ಹಾಕಿದರು? ಅದನ್ನೂ ಹೇಳಬೇಕು.

ಆ ಮನುಷ್ಯನನ್ನು ಬಿಡಿಸಬೇಕಾದರೆ ನಮ್ಮ ಮನೆಯವರನ್ನು ತೋರಿಸಬೇಕು. ಸಾಕ್ಷ್ಯ ಅಳಿಸಿದವರು ಅಂತ.

ಐದೂವರೆಗೆ ಒಳಗಿನ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ನಾವು ಮೂವರೂ ಅಂಗಡಿಯ ಮೇಲಿನ ಮನೆಯಲ್ಲೇ ಇರುವುದು. ಭಾವ ಗೋಡೆ ಹಿಡಿದುಕೊಂಡು ಇಳಿದು ಬಂದರು. ಒಂದು ಕಣ್ಣು ಮಂಜಾಗಿ ವರ್ಷಗಳಾಗಿವೆ. ಇನ್ನೊಂದಕ್ಕೆ ಈಚೆಗೆ ಆಪರೇಷನ್ ಆಗಿ, ಪಟ್ಟಿ ಬಿಚ್ಚಿ ವಾರವಾಗಿದೆ.

"ರಾತ್ರಿಯೆಲ್ಲ ಕೂತಿದ್ಯಾ ಪುಟ್ಟಿ?" ಅಂದರು. ನನಗೆ ನಲವತ್ತೊಂದು. ಅವರ ಪಾಲಿಗೆ ಇನ್ನೂ ಪುಟ್ಟಿ.

"ಭಾವ, ಈ ಡಿಸ್ಕ್ ಮುಂಚೆ ನಮ್ಮಲ್ಲಿಗೆ ಬಂದಿತ್ತಾ?"

ಅವರು ಕುರ್ಚಿ ಎಳೆದು ಕೂತರು. ಕೂರುವುದಕ್ಕೆ ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

"ದಿನಕ್ಕೆ ಎಷ್ಟು ಬರ್ತವೆ. ಯಾವುದು ಅಂತ ನೆನಪಿಟ್ಕೊಳ್ಳಲಿ."

"ಎರಡು ವಾರದ ಹಿಂದೆ, ಬುಧವಾರ. ನಿಮ್ಮ ಕಂಪ್ಯೂಟರಲ್ಲಿ ರಿಪೇರಿಯಾಗಿದೆ. ಅಂಕಿ ಹೋಲಿಸಿ ನೋಡಿದೆ."

"ಎಷ್ಟು ಸಲ?"

"ಎರಡು ಸಲ."

"ಹಾಗಾದ್ರೆ ಸರಿಯೇ ಇರುತ್ತೆ," ಅಂದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ನಾನೇ ಮಾಡಿದ್ದು. ಯಾರೋ ತಂದ್ರು, ತೆರೀತಿಲ್ಲ ಅಂದ್ರು. ಮಾಡಿಕೊಟ್ಟೆ. ಒಳಗೆ ಏನಿದೆ ಅಂತ ನಾವು ನೋಡಲ್ವಲ್ಲ."

"ನೀವೇ?"

"ಮತ್ತಿನ್ಯಾರು, ಪಕ್ಕದ ಮನೆಯವರಾ?"

"ಮಂಗಳವಾರ ಬೆಳಗ್ಗೆ ನಿಮಗೆ ಆಪರೇಷನ್. ಬುಧವಾರ ಪಟ್ಟಿ ಕಟ್ಟಿತ್ತು. ಬೆಳಗ್ಗೆ ಔಷಧಿ ಹನಿ ಹಾಕಿ ನಾನು ಆ ವಿಮೆ ಕಚೇರಿಯ ಕೆಲಸಕ್ಕೆ ಹೋದೆ, ರಾತ್ರಿ ಬಂದೆ. ಇನ್ನೊಂದು ಕಣ್ಣಲ್ಲಿ ನಿಮಗೆ ನಿಮ್ಮ ಕೈಯೇ ಕಾಣಲ್ಲ ಭಾವ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು.

"ಸುಳ್ಳು ಹೇಳೋದಾದ್ರೆ ನನಗಾದ್ರೂ ಸ್ವಲ್ಪ ಚೆನ್ನಾಗಿ ಹೇಳಿ," ಅಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ.

"ನಿನ್ನ ಅಕ್ಕನ್ನ ಏನೂ ಕೇಳಬೇಡ," ಅಂದರು ಕೊನೆಗೆ, ಮೆಟ್ಟಿಲ ಕಡೆ ನೋಡಿ. "ಅವಳಿಗೆ ಏನೂ ಗೊತ್ತಿಲ್ಲ. ಬಂದವರು ಬಹಳ ಅವಸರ ಮಾಡಿದ್ರು. ಎರಡು ಸಲ ವಾಪಸ್ ಕಳಿಸಿದ್ಲು. ಮೂರನೇ ಸಲ, ಕಾದು ಕೂತು ತಗೊಂಡು ಹೋಗ್ತೀನಿ ಅಂದ್ರು. ನಾನು ಇಲ್ಲೇ ಮೂಲೆಯ ಮಂಚದ ಮೇಲೆ ಮಲಗಿದ್ದೆ. ಗೋಡೆ ಮೇಲಿನ ಪಟ್ಟಿ ನೋಡಿಕೊಂಡು ಮಾಡ್ಲಾ ಅಂತ ಕೇಳಿದ್ಲು. ಮಾಡು ಅಂದೆ."

"ಕಾಪಿ ತೆಗೀದೇನೇ?"

"ಕಾಪಿ ತೆಗೆದ್ರೆ ರಾತ್ರಿ ಆಗುತ್ತಲ್ಲ. ಅವರು ಕಾಯ್ತಾ ಕೂತಿದ್ರು."

"ಒಂಬತ್ತನೇ ಹಂತದವರೆಗೂ ಮಾಡಿದ್ಲಾ?"

"ನಿನ್ನ ಅಕ್ಕ ಒಂದು ಕೆಲಸ ಅರ್ಧಕ್ಕೆ ಬಿಟ್ಟಿದ್ದು ನೋಡಿದ್ದೀಯಾ? ಹತ್ತನೇದೂ ಮಾಡಿದ್ಲು. ಬಟ್ಟೆ ತಗೊಂಡು ಒರೆಸಿ ಕೊಟ್ಲು." ಅವರ ತುಟಿ ಸ್ವಲ್ಪ ನಕ್ಕಿತು. ಆಮೇಲೆ ನಗಲಿಲ್ಲ. "ನಿನಗೆ ಹೇಳಿದ್ರೆ ಗಾಬರಿ ಬೀಳ್ತೀಯ ಅಂತ ಸುಮ್ಮನಾದ್ವಿ. ಪುಟ್ಟಿ, ಅದರಲ್ಲಿ ಏನಿತ್ತು?"

ಹತ್ತೊಂಬತ್ತನೇ ತುಂಡು ಇನ್ನೂ ನನ್ನ ಪರದೆಯ ಮೇಲಿತ್ತು. ಆ ದೂರದಿಂದ ಅವರಿಗೆ ಅದು ಬರೀ ಬೆಳಕು.

"ಇನ್ನೂ ನೋಡ್ತಾ ಇದ್ದೀನಿ," ಅಂದೆ.

"ತಂದವರು ಯಾರು ಅಂತ ಹೇಳಿದ್ರಾ?" ಅಂತ ನಾನೇ ಕೇಳಿದೆ.

"ಆಫೀಸಿಂದು ಅಂದ್ರು. ನನಗೆ ದನಿ ಮಾತ್ರ ಕೇಳಿಸಿದ್ದು. ಗಂಟಲಲ್ಲೇ ಮಾತಾಡೋ ಮನುಷ್ಯ."

ಮ್ಯಾನೇಜರೇ, ಅಂದುಕೊಂಡೆ. ಅವರು ಎದ್ದು ಮೆಲ್ಲಗೆ ಮೇಲೆ ಹೋದರು.

ಎಂಟೂ ಮುಕ್ಕಾಲಾಗುವ ಹೊತ್ತಿಗೆ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಎಲ್ಲವನ್ನೂ ಬರೆದುಕೊಡುವುದು. ಅಕ್ಕನಿಗೆ ಗೊತ್ತಿರಲಿಲ್ಲ ಅಂತಲೂ ಬರೆಯುವುದು. ಪಟ್ಟಿ ನನ್ನದು, ಪದ್ಧತಿ ನನ್ನದು, ತಪ್ಪು ನನ್ನ ಮೇಲಿರಲಿ. ಅಂಗಡಿ ಮುಚ್ಚಿಸಿದರೆ ಮುಚ್ಚಿಸಲಿ. ಒಬ್ಬ ಮನುಷ್ಯ ಮಾಡದ ತಪ್ಪಿಗೆ ಒಳಗಿದ್ದಾನೆ. ಹಾಳೆ ತೆಗೆದು ತಾರೀಕು ಹಾಕಿದೆ.

ಅಕ್ಕ ಮೂರು ಲೋಟ ಚಹಾ ಹಿಡಿದು ಇಳಿದು ಬಂದಳು. ಹಿಂದೆಯೇ ಭಾವ.

"ಮುಖ ನೋಡು, ಹಿಂಡಿದ ಬಟ್ಟೆ ಆಗಿದೆ," ಅಂದಳು. "ಆ ಡಬ್ಬಿಗಳಿಗೆ ಮಾಡೋ ಸೇವೆ ಯಾವನಾದ್ರೂ ಗಂಡಿಗೆ ಮಾಡಿದ್ರೆ ಇಷ್ಟೊತ್ತಿಗೆ ಮಕ್ಕಳು ಕಾಲೇಜಿಗೆ ಹೋಗ್ತಿದ್ವು."

"ಮಕ್ಕಳು ರಾತ್ರಿ ಎರಡು ಗಂಟೆಗೆ ಟಕ್ ಅನ್ನಲ್ವಾ?"

"ಅಂತಾವೆ. ಆದ್ರೆ ಬೆಳಗ್ಗೆ ಎದ್ದು ಅಕ್ಕಾ ಚಹಾ ಕೊಡು ಅಂತ ಪೀಡಿಸಲ್ಲ." ಲೋಟ ಇಟ್ಟು, ಷಟರ್ ಮೇಲೆತ್ತಲು ಹೋದಳು. ಅರ್ಧ ಎತ್ತಿ ಬಗ್ಗಿ ಹೊರಗೆ ನೋಡಿ ನಿಂತಳು. ಎದುರುಗಡೆ ಒಂದು ಕಾರು ನಿಂತಿತ್ತು. ಸಾದಾ ಬಟ್ಟೆಯಲ್ಲಿದ್ದ ಗಂಡಸೊಬ್ಬ ಇಳಿದು ಬಾಗಿಲು ಹಾಕುತ್ತಿದ್ದ.

"ಇವರು ಮತ್ತೆ ಬಂದ್ರಲ್ಲ," ಅಂದಳು. "ನೋಡ್ರೀ, ಅವತ್ತು ಪ್ರಾಣ ತಿಂದು ಡಿಸ್ಕ್ ಮಾಡಿಸ್ಕೊಂಡು ಹೋದವರು. ಮತ್ತೆ ಕೆಡಿಸ್ಕೊಂಡ್ರೋ ಏನೋ."

ನಾನೂ ಬಗ್ಗಿ ನೋಡಿದೆ.

ಇನ್ಸ್‌ಪೆಕ್ಟರ್.

ನಿನ್ನೆ ಅವನು ಬಂದಾಗ ಅಕ್ಕ ಮೇಲೆ ಮಲಗಿದ್ದಳು. ಭಾವ ಆಸ್ಪತ್ರೆಗೆ ಹೋಗಿದ್ದರು. ಅವನನ್ನು ನೋಡಿದ್ದು ನಾನೊಬ್ಬಳೇ.

"ಅಕ್ಕ, ಸರಿಯಾಗಿ ನೋಡು. ನೀನು ಯಾರನ್ನೋ ಯಾರೋ ಅನ್ನೋದು ಹೊಸದಲ್ಲ."

"ಒಂದು ಗಂಟೆ ಎದುರಿಗೆ ಕೂತಿದ್ರು ಕಣೇ. ಆ ಅಗಲ ಕಿವಿ ಮರೆಯೋ ಕಿವಿನಾ?"

"ನೀನು ಮೇಲೆ ಹೋಗು."

"ಚಹಾ..."

"ಮೇಲೆ ಹೋಗಕ್ಕ."

ಅವಳು ನನ್ನ ಮುಖ ನೋಡಿದಳು. ಹೋದಳು. ತಾರೀಕು ಹಾಕಿದ ಹಾಳೆಯನ್ನು ನಾನು ಮಡಿಸಿ ರವಿಕೆಯ ಒಳಗೆ ತೂರಿಸಿಕೊಂಡೆ. ಪರದೆ ಆರಿಸಿದೆ.

ಇನ್ಸ್‌ಪೆಕ್ಟರ್ ಬಗ್ಗಿ ಒಳಗೆ ಬಂದ. ಮೃದುವಾದ ಮನುಷ್ಯ. ಕೂರಲು ಹೇಳಿದರೂ ಕೂರಲಿಲ್ಲ.

"ನಿದ್ದೆ ಕೆಡಿಸಿದೆ ಅನಿಸುತ್ತೆ ನಿಮಗೆ," ಅಂದ. ಗಂಟಲಲ್ಲೇ ಉಳಿಯುವ ದನಿ.

ಭಾವ ಬಾಯಿಗೆ ಒಯ್ದಿದ್ದ ಲೋಟವನ್ನು ಕುಡಿಯದೆ ಕೆಳಗಿಳಿಸಿದರು. ದನಿ ಬಂದ ಕಡೆ ಮುಖ ತಿರುಗಿಸಿದರು.

ಇನ್ಸ್‌ಪೆಕ್ಟರ್ ಅವರ ಕಡೆ ತಿರುಗಿದ. "ಯಜಮಾನ್ರೇ, ಕಣ್ಣು ಈಗ ಹೇಗಿದೆ? ಪಟ್ಟಿ ಬಿಚ್ಚಿದ್ರಲ್ಲ, ಒಳ್ಳೇದಾಯ್ತು."

ಅಂಗಡಿಯಲ್ಲಿ ಯಾರೂ ಅವನಿಗೆ ಕಣ್ಣಿನ ಪಟ್ಟಿಯ ವಿಷಯ ಹೇಳಿರಲಿಲ್ಲ. ಅವನು ಬಾಯಿ ತಪ್ಪಿ ಹೇಳಿದ ಹಾಗೂ ಇರಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಹೇಳಿದ.

ಜಪ್ತಿಗೂ ಮೊದಲೇ ಮ್ಯಾನೇಜರಿಗಾಗಿ ಡಿಸ್ಕ್ ತಂದವನು ಇವನೇ. ಆಗ ಅರ್ಥವಾಯಿತು. ಊರಲ್ಲಿ ಇಷ್ಟು ರಿಪೇರಿಯವರಿದ್ದೂ, ಕೋರ್ಟು ಕೇಳಿದಾಗ ಡಿಸ್ಕನ್ನು ಇಲ್ಲಿಗೇ ತಂದದ್ದು ಯಾಕೆ ಅಂತ. ಇಲ್ಲಿ ಏನೇ ಸಿಕ್ಕರೂ ಅದರ ಜೊತೆ ನಮ್ಮ ಹೆಸರೂ ಸಿಗುತ್ತದೆ. ಹೇಳಬೇಕಾದವರ ಬಾಯಿಗೆ ಬೀಗ ಹಾಕಿ, ಬೀಗದ ಕೈಯನ್ನು ಅವರ ಕೈಗೇ ಕೊಟ್ಟಿದ್ದ.

"ವಾಸಿ," ಅಂದರು ಭಾವ.

"ಕಣ್ಣು ದೊಡ್ಡ ವಿಷಯ. ಜೋಪಾನವಾಗಿರಬೇಕು." ನನ್ನ ಕಡೆ ತಿರುಗಿದ. "ಏನಾದ್ರೂ ಸಿಕ್ತಾ ಮೇಡಂ?"

ಸಿಕ್ಕಿದೆ ಅಂದರೆ ಆ ತುಂಡು ಅವನ ಕೈಗೇ ಹೋಗುತ್ತದೆ. ಕೋರ್ಟಿನವರೆಗೂ ಅದು ತಲುಪುವುದಿಲ್ಲ. ಸಿಕ್ಕಿಲ್ಲ ಅಂದರೆ ಅದು ನನ್ನ ಹತ್ತಿರ ಉಳಿಯುತ್ತದೆ. ಆದರೆ ಹನ್ನೊಂದು ಗಂಟೆಗೆ ಮೆಕ್ಯಾನಿಕ್ ವಾಪಸ್ ಒಳಗೆ ಹೋಗುತ್ತಾನೆ, ನನ್ನ ಸಹಿಯ ಮೇಲೆ.

"ನೋಡಿದೆ ಸರ್," ಅಂದೆ. "ತಪಾಸಣೆ ಮಾಡಿದೆ. ಯಾವ ತಪ್ಪೂ ಇಲ್ಲ. ಅಂಥ ಹೆಸರಿನ ಯಾವ ಫೈಲೂ ಇಲ್ಲ."

ಪ್ರತಿ ಮಾತೂ ನಿಜವೇ ಆಗಿತ್ತು. ಅದಕ್ಕೇ ಬಾಯಿ ಕಹಿಯಾಯಿತು.

"ಅಷ್ಟನ್ನೇ ಬರೆದುಕೊಡಿ." ಅವನು ಮೇಜಿನ ಕಡೆ ನೋಡಿದ. "ಒಂದು ಕಾಪಿ ತೆಗೆದಿರ್ತೀರಲ್ಲ ನೀವು, ಅದನ್ನೂ ಕೊಟ್ಟುಬಿಡಿ."

"ಡಿಸ್ಕ್ ಹಳೇದು ಸರ್. ರಾತ್ರಿ ಎರಡು ಗಂಟೆಗೆ ಸದ್ದು ಮಾಡಿ ನಿಂತುಹೋಯ್ತು. ಕಾಪಿ ಪೂರ್ತಿ ಆಗಲಿಲ್ಲ, ಮತ್ತೆ ಹಚ್ಚಿ ಡಿಸ್ಕಿನ ಮೇಲೇ ತಪಾಸಣೆ ಮಾಡಿದೆ. ಬಂದಷ್ಟನ್ನ ಅಳಿಸಿಬಿಟ್ಟೆ."

ಇದು ಸುಳ್ಳು. ಅವನು ನನ್ನನ್ನು ನೋಡಿದ. ನಾನು ಅವನ ಅಂಗಿಯ ಗುಂಡಿ ನೋಡಿದೆ. ಕಾಪಿ ನನ್ನ ಮೊಣಕಾಲಿನ ಪಕ್ಕದಲ್ಲಿ, ಮೇಜಿನ ಕೆಳಗೆ, ಇನ್ನೂ ಬೆಚ್ಚಗಿತ್ತು.

"ಆಗಲಿ," ಅಂದ. "ಮನೆಯವರಿಗೆ ಕೇಳಿದೆ ಅಂತ ಹೇಳಿ."

ಬೀರುವಿನಿಂದ ಮೂಲ ಡಿಸ್ಕ್ ತೆಗೆದುಕೊಟ್ಟೆ. ಬರೆದುಕೊಟ್ಟೆ. ಸಹಿ ಹಾಕಿದೆ. ಕಾರು ಹೊರಟ ಮೇಲೂ ಭಾವ ಲೋಟ ಹಿಡಿದುಕೊಂಡೇ ನಿಂತಿದ್ದರು.

"ಅದೇ ದನಿ," ಅಂದರು.

"ಗೊತ್ತು."

"ಪುಟ್ಟಿ, ನಿಜ ಹೇಳು. ಅದರಲ್ಲಿ ಏನಾದ್ರೂ ಸಿಕ್ತಾ?"

ಮೆಟ್ಟಿಲ ಮೇಲೆ ಅಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ನಾಳೆಯೋ ನಾಡಿದ್ದೋ ಅವನು ಇವರಿಬ್ಬರನ್ನೂ ಎದುರು ಕೂರಿಸಿಕೊಂಡು ಇದೇ ಪ್ರಶ್ನೆ ಕೇಳುತ್ತಾನೆ. ಅಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ. ಭಾವನಿಗೆ ಎಷ್ಟು ಚೆನ್ನಾಗಿ ಬರುತ್ತದೆ ಅಂತ ಬೆಳಗ್ಗೆ ನೋಡಿದ್ದೆ. ಗೊತ್ತಿಲ್ಲದಿದ್ದರೆ ಇಬ್ಬರೂ ನಿಜವನ್ನೇ ಹೇಳಬಹುದು.

ಗಡಿಯಾರದಲ್ಲಿ ಒಂಬತ್ತೂ ಕಾಲು. ಆ ಮೆಕ್ಯಾನಿಕ್ ಈಗ ಮುಖ ತೊಳೆದುಕೊಂಡು, ಇವತ್ತು ಬಿಡ್ತಾರೆ ಅಂತ ಕಾಯುತ್ತಾ ಕೂತಿರಬಹುದು. ಅವನಿಗೂ ಹೇಳುವ ಹಾಗಿಲ್ಲ. ಅವನ ವಕೀಲನಿಗೆ ಹೇಳಿದರೆ ಅವನು ಕೋರ್ಟಿನಲ್ಲಿ ಎತ್ತುತ್ತಾನೆ, ಮಧ್ಯಾಹ್ನದೊಳಗೆ ಠಾಣೆಗೆ ತಲುಪುತ್ತದೆ. ಯಾರಿಗೆ ಹೇಳಬಹುದು ಅಂತ ಒಂದೊಂದೇ ಹೆಸರು ಹಿಡಿದು ನೋಡಿದೆ. ಒಂದೂ ಉಳಿಯಲಿಲ್ಲ.

"ಏನೂ ಇರಲಿಲ್ಲ ಭಾವ," ಅಂದೆ. "ಬರೀ ಖಾಲಿ ತುಂಡುಗಳು."